ಕಾನೂನಿನ ಮೇಲೊಂದು ಕಾನೂನು ಇದೆಯೇ?

ತುರ್ತು ಪರಿಸ್ಥಿತಿಯ ದಿನಗಳು. ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಮುಂದೆ ಹೇಬಿಯಸ್ ಕಾರ್ಪಸ್ ಪ್ರಕರಣದ ವಾದ ನಡೆಯುತ್ತಿತ್ತು. ಪೊಲೀಸನೊಬ್ಬ ವೈಯಕ್ತಿಕ ದ್ವೇಷದಿಂದ ಒಬ್ಬನನ್ನು ಕೊಂದುಹಾಕಿದರೆ ಆಗಲೂ ನ್ಯಾಯಾಲಯದಲ್ಲಿ ಪರಿಹಾರ ಇಲ್ಲವೇ ಎಂದು ನ್ಯಾ. ಎಚ್.ಆರ್. ಖನ್ನಾ ಅಟಾರ್ನಿ ಜನರಲ್ ನಿರೇನ್ ಡೇ ಅವರನ್ನು ಕೇಳಿದರು. ತುರ್ತು ಪರಿಸ್ಥಿತಿ ಇರುವ ತನಕ ಇಲ್ಲ ಎಂಬ ಉತ್ತರ ಬಂತು. 1976ರ ಎಪ್ರಿಲ್ 28ರಂದು ನಾಲ್ವರು ನ್ಯಾಯಮೂರ್ತಿಗಳು ಈ ವಾದವನ್ನು ಎತ್ತಿಹಿಡಿದರು. ಖನ್ನಾ ಒಬ್ಬರೇ ಒಪ್ಪಲಿಲ್ಲ. 1977ರ ಜನವರಿಯಲ್ಲಿ ಅವರ ಹಿರಿತನವನ್ನು ಕಡೆಗಣಿಸಿ ನ್ಯಾ. ಎಂ.ಎಚ್. ಬೇಗ್ ಅವರನ್ನು ಮುಖ್ಯ ನ್ಯಾಯಮೂರ್ತಿಯಾಗಿ ಮಾಡಲಾಯಿತು. ಖನ್ನಾ ರಾಜೀನಾಮೆ ಕೊಟ್ಟು ಹೊರಬಂದರು.

ಕಾನೂನು ಕಾಲೇಜುಗಳಲ್ಲಿ ಈ ಪ್ರಕರಣವನ್ನು ಸಾಮಾನ್ಯವಾಗಿ ಎರಡು ತತ್ವಗಳ ಜಗಳವೆಂದು ಕಲಿಸುತ್ತಾರೆ. ಪುಸ್ತಕದಲ್ಲಿರುವುದಷ್ಟೇ ಕಾನೂನು ಎಂದ ನಾಲ್ವರು ಒಂದು ಕಡೆ. ಮನುಷ್ಯನ ಹುಟ್ಟಿನೊಂದಿಗೇ ಬರುವ ನೈಸರ್ಗಿಕ ಕಾನೂನನ್ನು ನಂಬಿದ ಖನ್ನಾ ಇನ್ನೊಂದು ಕಡೆ. (ಇಲ್ಲಿ ಹೇಳುತ್ತಿರುವುದು ವಿಚಾರಣೆಯ ಶಿಸ್ತಿಗೆ ಸಂಬಂಧಿಸಿದ ಸಹಜ ನ್ಯಾಯದ ಬಗ್ಗೆ ಅಲ್ಲ.) ಈ ಚಿತ್ರ ಅಂದವಾಗಿದೆ. ಆದರೆ ಅದು ಪೂರ್ತಿ ಸರಿಯಲ್ಲ ಎಂಬುದು ನಮ್ಮ ತಕರಾರು.

ನಾಲ್ವರು ನಿಜವಾಗಿ ಹೇಳಿದ್ದೇನು? ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಹಕ್ಕು ಇರುವುದು ಸಂವಿಧಾನದ 21ನೇ ವಿಧಿಯಲ್ಲಿ ಮಾತ್ರ. ರಾಷ್ಟ್ರಪತಿಗಳ ಆದೇಶ ಆ ವಿಧಿಯನ್ನು ಹಿಡಿದು ಕೋರ್ಟಿಗೆ ಹೋಗುವ ದಾರಿಯನ್ನು ಮುಚ್ಚಿದೆ. ಹಾಗಾಗಿ ಮೀಸಾದಡಿ ಬಂಧಿತನಾದವನು ನಮ್ಮ ಬಾಗಿಲು ಬಡಿಯುವಂತಿಲ್ಲ. ಖನ್ನಾ ಇದಕ್ಕೆ ಕೊಟ್ಟ ಉತ್ತರದಲ್ಲಿ ಆಕಾಶದ ಕಡೆ ಕೈತೋರಿಸಲಿಲ್ಲ. 21ನೇ ವಿಧಿಯೇ ಇಲ್ಲದಿದ್ದರೂ ಕಾನೂನಿನ ಅಧಿಕಾರವಿಲ್ಲದೆ ಯಾರ ಜೀವವನ್ನೂ ಸ್ವಾತಂತ್ರ್ಯವನ್ನೂ ಕಸಿಯುವ ಹಕ್ಕು ಸರಕಾರಕ್ಕಿಲ್ಲ, ಸಂವಿಧಾನ ಬರುವುದಕ್ಕೆ ಮುಂಚೆಯೂ ಇರಲಿಲ್ಲ ಎಂದರು. ಇದು ಕಾನೂನಿನ ಆಳ್ವಿಕೆಯ ವಾದ. ಕೇವಲ ವಿಧಿವಿಧಾನ ನೋಡಿದರೆ ನಾಜಿಗಳ ಸಾಮೂಹಿಕ ಹತ್ಯೆಯೂ ಕಾನೂನೇ ಆಗಿಬಿಡುತ್ತದೆ ಎಂಬ ಎಚ್ಚರಿಕೆ ಅದರ ಜೊತೆಗಿತ್ತು. ಎಂದರೆ ನಾಲ್ವರ ತಪ್ಪು ಲಿಖಿತ ಕಾನೂನನ್ನು ಅತಿಯಾಗಿ ನಂಬಿದ್ದಲ್ಲ. ಇದ್ದ ಕಾನೂನನ್ನೇ ಅವರು ಸರಿಯಾಗಿ ಓದಲಿಲ್ಲ. ಅದೇ ಕಾನೂನನ್ನು ಓದಿದ ಹಲವು ಹೈಕೋರ್ಟುಗಳು ಬಂಧಿತರ ಅರ್ಜಿಗಳನ್ನು ವಿಚಾರಣೆಗೆ ಎತ್ತಿಕೊಂಡಿದ್ದವು. ಅವುಗಳಲ್ಲಿ ಬೆಂಗಳೂರಿನಲ್ಲಿ ಸೆರೆಯಾದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅವರ ಅರ್ಜಿಗಳು ಬಂದಿದ್ದ ಕರ್ನಾಟಕ ಹೈಕೋರ್ಟೂ ಒಂದು.

ಬಂಧಿತರಿಗೆ ಸರಕಾರ ತಾಯಿಯಂತೆ ಆರೈಕೆ ಮಾಡುತ್ತಿದೆ ಎಂಬ ಅರ್ಥದ ಮಾತನ್ನು ಬೇಗ್ ಬರೆದರು. ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿಯವರು ಅಸ್ತಮಾದಿಂದ ನರಳುತ್ತಾ ಬೆಂಗಳೂರು ಜೈಲಿನಲ್ಲಿ ತಿಂಗಳುಗಟ್ಟಲೆ ಕಳೆದರು. 1977ರ ಜನವರಿಯಲ್ಲಿ ಪೆರೋಲಿನ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆ ತಾಯಿಯ ಮಡಿಲು ಎಂಥದ್ದೆಂದು ತಿಳಿಯಲು ತತ್ವಶಾಸ್ತ್ರ ಬೇಕಾಗಿಲ್ಲ.

ಪಶ್ಚಿಮದಲ್ಲಿ ಈ ಚರ್ಚೆಗೆ ಮತ್ತೆ ಜೀವ ಬಂದದ್ದು ಹಿಟ್ಲರನ ನಂತರ. ಜರ್ಮನಿಯ ಗುಸ್ತಾವ್ ರಾಡ್‌ಬ್ರುಖ್ 1946ರಲ್ಲಿ, ಅನ್ಯಾಯ ಸಹಿಸಲಾಗದ ಮಟ್ಟಕ್ಕೆ ಹೋದಾಗ ಶಾಸನವು ಕಾನೂನಿನ ಸ್ಥಾನ ಕಳೆದುಕೊಳ್ಳುತ್ತದೆ ಎಂದರು. ಬರೆದದ್ದೇ ಕಾನೂನು ಎಂಬ ನಂಬಿಕೆ ಜರ್ಮನಿಯ ನ್ಯಾಯಾಧೀಶರ ಕೈ ಕಟ್ಟಿತ್ತು ಎಂಬುದು ಅವರ ಆರೋಪ. 1958ರಲ್ಲಿ ಎಚ್.ಎಲ್.ಎ. ಹಾರ್ಟ್ ಇದನ್ನು ಒಪ್ಪಲಿಲ್ಲ. ಇದು ಕಾನೂನೇ ಹೌದು, ಆದರೆ ಪಾಲಿಸಲಾಗದಷ್ಟು ದುಷ್ಟವಾದದ್ದು ಎಂದು ಹೇಳುವುದೇ ಪ್ರಾಮಾಣಿಕತೆ ಎಂದು ವಾದಿಸಿದರು. ಲಾನ್ ಫುಲ್ಲರ್ ಅವರಿಗೆ ಎದುರಾಡಿದರು. ಗುಟ್ಟಾಗಿಟ್ಟ, ಹಿಂದಿನ ದಿನಾಂಕದಿಂದ ಜಾರಿಯಾಗುವ, ಅಧಿಕಾರಿಗಳೇ ಪಾಲಿಸದ ಆಜ್ಞೆಗಳ ರಾಶಿಗೆ ಕಾನೂನೆಂಬ ಹೆಸರೇಕೆ ಎಂಬುದು ಅವರ ಪ್ರಶ್ನೆ. ನಮಗೆ ಖನ್ನಾ ಅವರು ಫುಲ್ಲರ್‌ಗೆ ಹತ್ತಿರದವರಾಗಿ ಕಾಣುತ್ತಾರೆ.

ನೈಸರ್ಗಿಕ ಕಾನೂನಿನ ಹೆಸರು ಕೇಳಿದೊಡನೆ ಕೈಮುಗಿಯುವವರಿಗೆ ಇನ್ನೊಂದು ಪ್ರಕರಣವನ್ನು ನೆನಪಿಸಬೇಕು. 1873ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮೈರಾ ಬ್ರಾಡ್‌ವೆಲ್ ಎಂಬ ಮಹಿಳೆಗೆ ವಕೀಲಿ ವೃತ್ತಿಯನ್ನು ನಿರಾಕರಿಸಿತು. ಹೆಣ್ಣಿನ ಸ್ಥಾನ ಮನೆಯೊಳಗೆ, ಅದು ಪ್ರಕೃತಿಯದೂ ಸೃಷ್ಟಿಕರ್ತನದೂ ನಿಯಮ ಎಂದು ಒಬ್ಬ ನ್ಯಾಯಮೂರ್ತಿ ಪ್ರತ್ಯೇಕವಾಗಿ ಬರೆದರು. ನಿಸರ್ಗದ ಬಾಯಲ್ಲಿ ಯಾರ ಮಾತು ಬರುತ್ತಿದೆ ಎಂದು ಕೇಳದಿದ್ದರೆ ಎಂಥ ಪೂರ್ವಗ್ರಹವೂ ಶಾಶ್ವತ ಸತ್ಯದ ವೇಷದಲ್ಲಿ ಬಂದು ಕುಳಿತೀತು. ಒಳಿತು ಕೆಡುಕನ್ನು ಬುದ್ಧಿ ತಾನಾಗಿಯೇ ಅರಿಯಬಲ್ಲುದೋ ಅಥವಾ ದೈವಾದೇಶ ತಿಳಿಸಬೇಕೋ ಎಂದು ಮುಅ್‌ತಝಿಲಿಗಳೂ ಅಶ್‌ಅರಿಗಳೂ ಶತಮಾನಗಳ ಕಾಲ ವಾದಿಸಿದರು. ಈ ಪ್ರಶ್ನೆಯನ್ನು ಯುರೋಪಿನ ಸ್ವಂತ ಆಸ್ತಿಯಂತೆ ಬರೆಯುವ ಪಠ್ಯಪುಸ್ತಕಗಳಲ್ಲಿ ಅವರಿಗೆ ಒಂದು ಸಾಲೂ ಸಿಗುವುದಿಲ್ಲ.

2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 1976ರ ನಾಲ್ವರಲ್ಲಿ ಒಬ್ಬರಾಗಿದ್ದ ವೈ.ವಿ. ಚಂದ್ರಚೂಡರ ಮಗ ಡಿ.ವೈ. ಚಂದ್ರಚೂಡರೇ ಹಳೆಯ ತೀರ್ಪನ್ನು ರದ್ದುಗೊಳಿಸುವ ಮಾತುಗಳನ್ನು ಬರೆದರು. ಜೀವ, ಸ್ವಾತಂತ್ರ್ಯಗಳು ಸರಕಾರದ ಕೊಡುಗೆಯಲ್ಲ, ಕಸಿಯಲಾಗದವು ಎಂದರು. ಓದುವಾಗ ಎದೆ ತುಂಬಿತು. ಆದರೆ ತುರ್ತು ಪರಿಸ್ಥಿತಿ ಮುಗಿದು 40 ವರ್ಷ ಕಳೆದ ಮೇಲೆ ಹೀಗೆ ಬರೆಯಲು ಖನ್ನಾ ತೆತ್ತ ಬೆಲೆಯನ್ನು ಯಾರೂ ತೆರಬೇಕಿರಲಿಲ್ಲ. ಮೇಲಾಗಿ ಕಸಿಯಲಾಗದ್ದು ಎಂದ ಅದೇ ತೀರ್ಪು, ಸರಕಾರ ಯಾವಾಗ ಎಷ್ಟು ಮಿತಿ ಹೇರಬಹುದೆಂಬ ಅಳತೆಗೋಲನ್ನೂ ಕೊಟ್ಟಿದೆ. ವಿಚಾರಣೆಯಿಲ್ಲದೆ ಮುಂಜಾಗ್ರತೆಯ ಹೆಸರಲ್ಲಿ ಬಂಧಿಸಲು ಅವಕಾಶ ಕೊಡುವ 22ನೇ ವಿಧಿ ಸಂವಿಧಾನದಲ್ಲಿ ಹಾಗೆಯೇ ಇದೆ.

ಹಕ್ಕಿನ ಪರೀಕ್ಷೆ ಜಾಮೀನು ಅರ್ಜಿಯಲ್ಲಿ ನಡೆಯುತ್ತದೆ. ಯುಎಪಿಎ ಕಾಯ್ದೆಯ 43ಡಿ(5)ನೇ ಕಲಮು ಜಾಮೀನನ್ನು ಬಹಳ ಕಷ್ಟವಾಗಿಸಿದೆ. 2021ರ ನಜೀಬ್ ಪ್ರಕರಣದಲ್ಲಿ, ಐದು ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿದ್ದ ಆರೋಪಿಗೆ ಹೈಕೋರ್ಟ್ ಕೊಟ್ಟ ಜಾಮೀನನ್ನು ಸುಪ್ರೀಂ ಕೋರ್ಟಿನ ಮೂವರ ಪೀಠ ಉಳಿಸಿತು. ಶೀಘ್ರ ವಿಚಾರಣೆಯ ಹಕ್ಕು ಮುರಿದುಬಿದ್ದಾಗ ಈ ಕಲಮು ಸಂವಿಧಾನಾತ್ಮಕ ನ್ಯಾಯಾಲಯಗಳ ಕೈ ಕಟ್ಟಲಾರದು ಎಂದಿತು. ನೈಸರ್ಗಿಕ ಕಾನೂನಿನ ದೊಡ್ಡ ಮಾತು ಅಲ್ಲಿಲ್ಲ. ಆದರೂ ಖನ್ನಾ ನಿಂತ ನೆಲ ಅದೇ. 2024ರ ಫೆಬ್ರವರಿಯಲ್ಲಿ ಇನ್ನೊಂದು ಪೀಠ, ನಜೀಬ್ ಪ್ರಕರಣದ ಸಂಗತಿ ಬೇರೆ ಎಂದು ಹೇಳಿ ಮತ್ತೊಬ್ಬ ಆರೋಪಿಗೆ ಜಾಮೀನು ನಿರಾಕರಿಸಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಬೇರೊಂದು ಪೀಠ, ಇಂಥ ವಿಶೇಷ ಕಾಯ್ದೆಯಲ್ಲೂ ಜಾಮೀನೇ ನಿಯಮ ಎಂದಿತು. ಈಗ ಒಳಗಿರುವವನ ಬಿಡುಗಡೆ, ಅವನ ಕಡತ ಇವೆರಡರಲ್ಲಿ ಯಾವ ತೀರ್ಪನ್ನು ಹಿಡಿದ ಪೀಠದ ಮೇಜಿಗೆ ಹೋಗುತ್ತದೆ ಎಂಬುದರ ಮೇಲೆ ನಿಂತಿದೆ.