ವೈಟ್‌ಫೀಲ್ಡಿನ ಶರತ್ಕಾಲ: ಕಾಗದದ ಎಲೆಯೋ, ರಾಗಿಯ ಪೈರೋ?

ಅಕ್ಟೋಬರ್ ಬಂತೆಂದರೆ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆಯ ಹಲವು ಪ್ಲೇಸ್ಕೂಲುಗಳ ಗೋಡೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಕತ್ತರಿಸಿ ಅಂಟಿಸಿದ ಮೇಪಲ್ ಎಲೆ, ನಗುವ ಕುಂಬಳಕಾಯಿ, ಬೋಳು ಮರದ ಕೆಳಗೆ ಎಲೆಯ ರಾಶಿ, ಜೊತೆಗೊಂದು ‘ಆಟಮ್ ಸೀಸನ್’ ವರ್ಕ್‌ಶೀಟು. ಅದೇ ಹೊತ್ತಿಗೆ ಕಿಟಕಿಯಾಚೆ ಹೊಂಗೆಮರ, ಮಳೆಮರಗಳು ಕಡುಹಸಿರಾಗಿ ನಿಂತಿರುತ್ತವೆ. ಸರಾಸರಿ ಲೆಕ್ಕದಲ್ಲಿ ಬೆಂಗಳೂರಿಗೆ ಅತಿ ಹೆಚ್ಚು ಮಳೆ ತರುವ ತಿಂಗಳುಗಳ ಸಾಲಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಮುಂದಿವೆ. ಇಲ್ಲಿನ ಮರಗಳು ಹೆಚ್ಚಾಗಿ ಎಲೆ ಉದುರಿಸುವುದು ಜನವರಿಯಿಂದ ಮಾರ್ಚ್ ನಡುವೆ, ಯುಗಾದಿಯ ಚಿಗುರಿಗೆ ಮುನ್ನ. ಮಿಸ್ ತೋರಿಸುವ ಚಿತ್ರಕ್ಕೂ ಮಗು ಅಂದು ಬೆಳಿಗ್ಗೆ ಕೊಡೆ ಹಿಡಿದು ನಡೆದು ಬಂದ ದಾರಿಗೂ ತಾಳಮೇಳವಿಲ್ಲ.

ಇದು ಸಣ್ಣ ವಿಷಯವಲ್ಲ. ಮೂರರಿಂದ ಐದು ವರ್ಷದ ಮಗು ಋತುವನ್ನು ಅರಿಯುವುದು ಮೂಗಿನಿಂದ, ಬೆರಳಿನಿಂದ, ಒದ್ದೆಯಾದ ಪಾದದಿಂದ. 2022ರ ಅಕ್ಟೋಬರಿನಲ್ಲಿ ಹೊರಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 3ರಿಂದ 8 ವರ್ಷದ ಮಕ್ಕಳಿಗೆ ಆಟದ ಮೂಲಕ ಕಲಿಸಬೇಕು, ಸ್ಥಳೀಯ ಆಟಿಕೆ ಮತ್ತು ಸುತ್ತಲಿನ ವಸ್ತುಗಳನ್ನು ಬಳಸಬೇಕು ಎನ್ನುತ್ತದೆ. ಹಾಗಾದರೆ ಬೆಂಗಳೂರಿನ ಹೊರವಲಯದಲ್ಲಿ ಈ ಕಾಲಕ್ಕೆ ಮಕ್ಕಳೊಂದಿಗೆ ನಡೆಯುವ ಚಟುವಟಿಕೆಗಳನ್ನು ನಾಲ್ಕು ಪ್ರಶ್ನೆಗಳಿಂದ ಅಳೆಯಬಹುದು. ಮಗು ತನ್ನ ಕೈಯಾರೆ ಮಾಡುವ ಕೆಲಸ ಇದೆಯೇ? ನಾಳೆ ಮತ್ತೆ ಬಂದು ನೋಡಲು ಏನಾದರೂ ಉಳಿಯುತ್ತದೆಯೇ? ಭಯ, ಅಪಾಯ ಎಷ್ಟು? ದುಡ್ಡಿಲ್ಲದ ಮನೆಯ ಮಗುವಿಗೂ ಅದು ಸಿಗುತ್ತದೆಯೇ?

ಮೇಪಲ್ ಎಲೆ ಮೊದಲ ಪ್ರಶ್ನೆಯಲ್ಲೇ ಸೋಲುತ್ತದೆ. ಎಲೆಯನ್ನು ಕತ್ತರಿಸುವವರು ಮಿಸ್, ಅಂಟು ಹಚ್ಚುವವರು ಆಯಾ. ಮಗುವಿನ ಪಾಲಿಗೆ ಉಳಿಯುವುದು ಒತ್ತುವ ಕೆಲಸ ಮಾತ್ರ. ಮೂವತ್ತು ಮಕ್ಕಳ ಮೂವತ್ತು ಎಲೆಗಳೂ ಒಂದೇ ಥರ ಕಾಣುತ್ತವೆ. ಕೆಂಪೆಲೆಯೇ ಬೇಕೆಂದಿದ್ದರೆ ಬೀದಿಬದಿಯ ಕಾಡುಬಾದಾಮಿ ಮರದ ಕೆಳಗೆ ವರ್ಷದ ಬಹುಪಾಲು ಒಂದೆರಡು ಹಣ್ಣೆಲೆ ಸಿಗುತ್ತವೆ: ಅಂಗೈಗಿಂತ ದೊಡ್ಡವು, ಒಂದು ಬದಿ ಕೆಂಪು, ಇನ್ನೊಂದು ಬದಿಯಲ್ಲಿ ಹಸಿರು ಉಳಿದಿರುವಂಥವು. ಅದರ ಮೇಲೆ ಹಾಳೆಯಿಟ್ಟು ಕ್ರೇಯಾನ್ ಉಜ್ಜಿದರೆ ನರನರವೂ ಮೂಡುತ್ತದೆ, ಪ್ರತಿ ಮಗುವಿನದೂ ಬೇರೆ ಬೇರೆ.

ಅಕ್ಟೋಬರ್ 31ರ ಹ್ಯಾಲೊವೀನ್ ಈಗ ಐಟಿ ಪಟ್ಟಿಯ ಅನೇಕ ಅಪಾರ್ಟ್‌ಮೆಂಟುಗಳಲ್ಲಿ ನೆಲೆಯೂರಿದೆ. ಏಳೆಂಟು ವರ್ಷದ ಮಕ್ಕಳು ವೇಷ ತೊಟ್ಟು, ಮನೆಮನೆಗೆ ಹೋಗಿ ಚಾಕೊಲೇಟ್ ಕೇಳಿ, ನಕ್ಕು ಸುಸ್ತಾಗುತ್ತಾರೆ. ಅವರಿಗದು ಒಳ್ಳೆಯ ಸಂಜೆಯೇ. ಅವರ ತಮ್ಮ ತಂಗಿಯರ ಅನುಭವ ಬೇರೆ. ಅಮೆರಿಕದ ಮನೋವಿಜ್ಞಾನಿ ರೀಟಾ ಡಿವ್ರೀಸ್ 1969ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಮೇನಾರ್ಡ್ ಎಂಬ ಸಾಧು ಬೆಕ್ಕನ್ನು ಮಕ್ಕಳಿಗೆ ಪರಿಚಯಿಸಿ, ಅದರ ಮುಂಭಾಗವನ್ನಷ್ಟೇ ಮರೆಮಾಡಿ, ನಾಯಿಯ ಮುಖವಾಡ ತೊಡಿಸಲಾಯಿತು. ಬಾಲ ಅಷ್ಟು ಹೊತ್ತೂ ಕಣ್ಣೆದುರೇ ಇತ್ತು. ಆದರೂ ಮೂರು ವರ್ಷದ ಮಕ್ಕಳಲ್ಲಿ ಅನೇಕರು ಅದು ಈಗ ನಾಯಿಯೇ ಎಂದರು. ಆರು ವರ್ಷದವರು ಹೆಚ್ಚಾಗಿ ಮೋಸ ಹೋಗಲಿಲ್ಲ. ಮೂರರ ಕೂಸಿಗೆ ಪಕ್ಕದ ಮನೆಯ ಅಂಕಲ್ ಅಸ್ಥಿಪಂಜರದ ಮುಖ ಹೊತ್ತು ಬಂದರೆ ಅಲ್ಲಿ ಅಂಕಲ್ ಉಳಿಯುವುದಿಲ್ಲ. ಲಿಫ್ಟಿನ ಬಳಿ ಚೀರಾಡುವ ಮಗುವನ್ನು ‘ಹೆದರುಪುಕ್ಕಲ’ ಎನ್ನುವುದು ಅನ್ಯಾಯ. ಈ ವಯಸ್ಸಿಗೆ ಹ್ಯಾಲೊವೀನ್ ಹೊಂದುವುದಿಲ್ಲ.

ಬಾಗಿಲು ತಟ್ಟಿ ತಿಂಡಿ ಕೇಳುವ ಸಂಭ್ರಮ ಹಳೆ ಮೈಸೂರು ಸೀಮೆಗೆ ಹೊಸದೇನಲ್ಲ. ನವರಾತ್ರಿಯ ಸಂಜೆ ಮಕ್ಕಳು ಗುಂಪುಗುಂಪಾಗಿ ಬಂದು “ರೀ, ಗೊಂಬೆ ಕೂರ್ಸಿದೀರಾ?” ಎಂದು ಕೇಳುತ್ತಿದ್ದುದನ್ನು, ಒಳಗೆ ಹೋಗಿ ನೋಡಿ, ಬರುವ ಒಂದು ಹಾಡು ಹೇಳಿ, ಉಸಲಿಯನ್ನೋ ಕೊಬ್ಬರಿಮಿಠಾಯಿಯನ್ನೋ ಗೊಂಬೆ ಬಾಗಿನವಾಗಿ ಪಡೆದು ಮುಂದಿನ ಮನೆಗೆ ಓಡುತ್ತಿದ್ದುದನ್ನು ಐವತ್ತು ದಾಟಿದ ಎಷ್ಟೋ ಮಂದಿ ಬಲ್ಲರು. ಮುಖವಾಡವಿಲ್ಲದೆಯೂ ಮಗುವಿಗೆ ಇಡೀ ಬೀದಿಯ ಪರಿಚಯವಾಗುತ್ತಿತ್ತು. ಹೊರವಲಯದ ಅಪಾರ್ಟ್‌ಮೆಂಟುಗಳಲ್ಲಿ ಈ ಹಬ್ಬಕ್ಕೆ ಇನ್ನೊಂದು ಅನುಕೂಲವೂ ಇದೆ: ಮೇಲಿನ ಮಹಡಿಯ ತಮಿಳರ ಮನೆಯಲ್ಲಿ ಅದು ಕೊಲು, ಎದುರು ಮನೆಯ ತೆಲುಗರಲ್ಲಿ ಬೊಮ್ಮಲ ಕೊಲುವು. ಮೂರು ಭಾಷೆಯ ಮಕ್ಕಳು ಒಂದೇ ಮೆಟ್ಟಿಲುಸಾಲಿನ ಮುಂದೆ ಕೂರಬಹುದು.

ಗೊಂಬೆ ಹಬ್ಬದಲ್ಲಿ ಪುಟ್ಟ ಕೈಗಳಿಗೆ ಸಿಗುವ ಕೆಲಸ ದೊಡ್ಡವರು ಅಂದುಕೊಂಡದ್ದಕ್ಕಿಂತ ಹೆಚ್ಚು. ಮೇಲಿನ ಸಾಲಿನಲ್ಲಿ ಪಟ್ಟದ ಗೊಂಬೆಗಳು, ಅಂದರೆ ಮರದ ರಾಜ ರಾಣಿ. ಕೆಳಗೆ ಶೆಟ್ಟರ ಅಂಗಡಿ: ದಪ್ಪ ಹೊಟ್ಟೆಯ ಶೆಟ್ಟರು, ಪಕ್ಕದಲ್ಲಿ ಶೆಟ್ಟಮ್ಮ, ಮುಂದೆ ಪುಟ್ಟ ಬಟ್ಟಲುಗಳಲ್ಲಿ ಅಕ್ಕಿ, ಹೆಸರುಕಾಳು, ಕಡಲೆಬೇಳೆ, ರಾಗಿ. ಆ ಬಟ್ಟಲುಗಳನ್ನು ತುಂಬಿಸುವುದು ಮೂರು ವರ್ಷದ ಮಗುವಿನ ಕೆಲಸವಾಗಲಿ. ಚಿಟಿಕೆಯಲ್ಲಿ ಕಾಳು ಹಿಡಿದು, ಚೆಲ್ಲದಂತೆ ಸುರಿದು, ಚೆಲ್ಲಿದ್ದನ್ನು ಆರಿಸುವಷ್ಟರಲ್ಲಿ ಮುಂದೆ ಪೆನ್ಸಿಲ್ ಹಿಡಿಯಬೇಕಾದ ಬೆರಳುಗಳಿಗೆ ತಕ್ಕ ಕಸರತ್ತಾಗುತ್ತದೆ. ಮೆಟ್ಟಿಲ ಬುಡದಲ್ಲಿ ಹೊಲ, ಪಾರ್ಕು ಮಾಡಲು ವಾರಕ್ಕೆ ಮುಂಚೆಯೇ ತೆಂಗಿನ ಚಿಪ್ಪಿನಲ್ಲಿ ಮಣ್ಣು ತುಂಬಿ ರಾಗಿ, ಮೆಂತ್ಯ, ಸಾಸಿವೆ ಚೆಲ್ಲುವುದು ಹಳೆಯ ರೂಢಿ. ನೀರು ಚಿಮುಕಿಸಿದ ಮಗು ಮರುದಿನ ಎದ್ದ ಕೂಡಲೇ ಚಿಪ್ಪಿನ ಬಳಿ ಓಡುತ್ತದೆ. ಮೊದಲು ಮೆಂತ್ಯದ ತಲೆ ಮಣ್ಣನ್ನು ಎತ್ತಿ ನಿಲ್ಲುತ್ತದೆ. ರಾಗಿ ತುಸು ತಡವಾಗಿ, ಸೂಜಿಯಂತೆ ತೆಳ್ಳಗೆ ಮೇಲೇಳುತ್ತದೆ. ನಾಲ್ಕು ಪ್ರಶ್ನೆಗೂ ಇಷ್ಟು ಚೊಕ್ಕವಾಗಿ ಉತ್ತರ ಕೊಡುವ ಚಟುವಟಿಕೆ ಈ ಋತುವಿನಲ್ಲಿ ಇನ್ನೊಂದಿಲ್ಲ.

ಹಬ್ಬದ ದೋಷವನ್ನೂ ಹೇಳಬೇಕು. ಗೊಂಬೆ ಕೂರಿಸಿದ ಮನೆಗಳಲ್ಲಿ ಮಕ್ಕಳ ಕಿವಿಗೆ ಹೆಚ್ಚು ಬೀಳುವ ಮಾತು “ಮುಟ್ಟಬೇಡ”. ಪಿಂಗಾಣಿಯ ಬಾತು, ಅಜ್ಜಿಯ ಕಾಲದ ಮಣ್ಣಿನ ಗೊಂಬೆ, ಮೇಲೆ ಮಿನುಗುವ ಸೀರಿಯಲ್ ಲೈಟು, ಇವೆಲ್ಲ ನೋಡಲು ಮಾತ್ರ. ಕ್ಲಬ್‌ಹೌಸಿನಲ್ಲಿ ಥೀಮ್ ಇಟ್ಟು ಸ್ಪರ್ಧೆಗಾಗಿ ಕೂರಿಸುವ ಗೊಂಬೆಗಳಂತೂ ದೊಡ್ಡವರ ಫೋಟೊಗಷ್ಟೇ ಮೀಸಲು. ಇದಕ್ಕೆ ಪರಿಹಾರ ಸುಲಭ: ತೀರ ಕೆಳಗಿನ ಮೆಟ್ಟಿಲನ್ನು ಮಕ್ಕಳಿಗೇ ಬಿಟ್ಟುಕೊಡುವುದು. ಅಲ್ಲಿಗೆ ಚನ್ನಪಟ್ಟಣದ ಗೊಂಬೆ ಹೇಳಿ ಮಾಡಿಸಿದಂತಿದೆ. ಬೆಂಗಳೂರಿನಿಂದ ಸುಮಾರು 60 ಕಿ.ಮೀ. ದೂರದ ಆ ಊರಿನಲ್ಲಿ ಹಗುರವಾದ ಹಾಲೆ ಮರವನ್ನು ಕಡೆದು, ತಿರುಗುವಾಗಲೇ ಅರಗಿನ ಬಣ್ಣವನ್ನು ಒತ್ತಿ ಹಿಡಿಯುತ್ತಾರೆ. ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ತಾಳೆಗರಿಯಿಂದ ಉಜ್ಜಿದರೆ ಹೊಳಪು ಬರುತ್ತದೆ. ಬಿದ್ದರೆ ಒಡೆಯುವುದಿಲ್ಲ, ಮೂಲೆ ಚುಚ್ಚುವುದಿಲ್ಲ. ಭೌಗೋಳಿಕ ಸೂಚಿಕೆ ಪಡೆದ ಆಟಿಕೆ ಅದು. ಕೊಳ್ಳುವಾಗ ಸಸ್ಯಜನ್ಯ ಬಣ್ಣದ್ದೇ ಎಂದು ಕೇಳಿ ಕೊಳ್ಳುವುದು ಒಳ್ಳೆಯದು, ಏಕೆಂದರೆ ಈ ವಯಸ್ಸಿನಲ್ಲಿ ಎಲ್ಲವೂ ಬಾಯಿಗೇ ಹೋಗುತ್ತವೆ.

ಕಾರ್ಖಾನೆಗಳ ಪೀಣ್ಯದಲ್ಲಿ ಇದೇ ಕಾಲದ ದೊಡ್ಡ ಹಬ್ಬ ಆಯುಧ ಪೂಜೆ. ವರ್ಷವಿಡೀ ಸದ್ದು ಮಾಡುವ ಲೇತು, ಪ್ರೆಸ್ಸುಗಳನ್ನು ಒರೆಸಿ, ವಿಭೂತಿ ಕುಂಕುಮ ಹಚ್ಚಿ, ಬಾಳೆಕಂದು ಕಟ್ಟಿ, ಚೆಂಡುಹೂವಿನ ಹಾರ ಹಾಕುತ್ತಾರೆ. ಎಷ್ಟೋ ಶೆಡ್ಡುಗಳಲ್ಲಿ ಕೆಲಸಗಾರರು ಹೆಂಡತಿ ಮಕ್ಕಳನ್ನು ಕರೆತರುವುದು ಅಂದು ಮಾತ್ರ. ಅಪ್ಪ ದಿನಾ ಎಲ್ಲಿಗೆ ಹೋಗುತ್ತಾನೆ ಎಂಬ ಪ್ರಶ್ನೆಗೆ ಮಗು ಕಣ್ಣಾರೆ ಉತ್ತರ ಕಾಣುತ್ತದೆ. ಲ್ಯಾಪ್‌ಟಾಪಿಗೆ ಕುಂಕುಮವಿಡುವ ಮನೆಗಳ ಮಕ್ಕಳಿಗೆ ಇಷ್ಟು ದೊಡ್ಡ ಉತ್ತರ ಸಿಗುವುದಿಲ್ಲ. ಮನೆಯಲ್ಲಾದರೆ ಮೂರು ಗಾಲಿಯ ಸೈಕಲ್ಲನ್ನು ಮಗುವೇ ತೊಳೆಯಲಿ, ಹಿಡಿಯಿಂದ ಗಾಲಿಯವರೆಗೆ ಬಟ್ಟೆಯಿಂದ ಒರೆಸಲಿ, ಹೂವಿನ ಎಸಳು ಬಿಡಿಸಲಿ, ಕೊನೆಗೆ ಎಲ್ಲರಿಗೂ ಕಡ್ಲೆಪುರಿ ಹಂಚಲಿ. ಪೂಜೆಯಲ್ಲಿ ಒಡೆಯುವ ಬೂದುಗುಂಬಳಕಾಯಿಯದೊಂದು ಮಾತು ಬಾಕಿಯಿದೆ. ಅದನ್ನು ಎತ್ತಲು ಮಗುವಿಗೆ ಆಗುವುದಿಲ್ಲ, ಆದರೆ ಉರುಳಿಸಬಹುದು, ಮೇಲಿನ ಬೂದಿಯಂಥ ಪುಡಿಯಲ್ಲಿ ಬೆರಳಿನಿಂದ ಗೀಚಬಹುದು, ಕತ್ತರಿಸಿದ ಮೇಲೆ ಬೀಜ ಹೆಕ್ಕಬಹುದು. ಒಂದನ್ನು ಒಡೆಯುವವರು ಇನ್ನೊಂದನ್ನು ಕಾಶಿ ಹಲ್ವಾಕ್ಕೆ ಇಟ್ಟುಕೊಂಡರೆ ಮಗುವಿನ ಕೆಲಸ ಅಡುಗೆಮನೆಯವರೆಗೂ ಬೆಳೆಯುತ್ತದೆ. ರಸ್ತೆಯಲ್ಲಿ ಒಡೆದ ಹೋಳನ್ನು ಹಾಗೇ ಬಿಟ್ಟು ಬೈಕಿನವರನ್ನು ಜಾರಿಸುವ ಚಾಳಿ ಮಾತ್ರ ನಿಲ್ಲಲೇಬೇಕು.

ಏನನ್ನೂ ಕೊಳ್ಳದೆ ಸಿಗುವ ಆಟಗಳು ನೆಲದ ಮೇಲೆಯೇ ಬಿದ್ದಿರುತ್ತವೆ. ಬೆಳಿಗ್ಗೆ ಪಾರಿಜಾತದ ಕೆಳಗೆ ಕೇಸರಿ ತೊಟ್ಟಿನ ಬಿಳಿ ಹೂ. ಮಳೆ ಹಿಂದೆಗೆಯುವ ಹೊತ್ತಿಗೆ ಆಕಾಶಮಲ್ಲಿಗೆಯ ಮರದಡಿ ಉದ್ದ ಕೊಳವೆಯ ಪರಿಮಳದ ಹೂ. ಆಕಾಶಮಲ್ಲಿಗೆಯ ಉದ್ದ ಕೊಳವೆಗಳನ್ನು ದಾರವಿಲ್ಲದೆ ಜಡೆಯಂತೆ ಹೆಣೆಯಬಹುದು. ಐದರ ಮಕ್ಕಳು ಹೆಣೆಯುತ್ತಾರೆ, ಮೂರರವರು ಆರಿಸಿ ಸಾಲಾಗಿ ಜೋಡಿಸುತ್ತಾರೆ.

ಹದಿನಾಲ್ಕನೇ ಮಹಡಿಯ ಬಾಲ್ಕನಿಯಲ್ಲೂ ಒಂದು ಕರಿಬೇವಿನ ಕುಂಡ ಇದ್ದರೆ ಸಾಕು, ಕಪ್ಪು ರೆಕ್ಕೆಯ ಕಾಮನ್ ಮಾರ್ಮನ್ ಚಿಟ್ಟೆ ಮೊಟ್ಟೆಯಿಡಲು ಬಂದೀತು. ಮೊದಲು ಎಲೆಯ ಮೇಲೆ ಕಾಣುವುದು ಹಕ್ಕಿಯ ಹಿಕ್ಕೆಯಂಥ ಕಂದುಬಿಳಿ ಹುಳು. ಪೊರೆ ಕಳಚುತ್ತ ಕಳಚುತ್ತ ಅದು ಎಲೆಯದೇ ಹಸಿರು ತಾಳುತ್ತದೆ. ಕಡ್ಡಿಯಿಂದ ಮೆಲ್ಲಗೆ ತಾಗಿಸಿದರೆ ತಲೆಯ ಹಿಂದಿನಿಂದ ಕೆಂಪನೆಯ ಕವಲು ಚಾಚಿ, ಕಟುವಾದ ವಾಸನೆ ಬಿಡುತ್ತದೆ. ಆಮೇಲೆ ಕಡ್ಡಿಗೆ ತನ್ನನ್ನು ಕಟ್ಟಿಕೊಂಡು ಕೋಶವಾಗುತ್ತದೆ. ಸುಮಾರು ಒಂದು ತಿಂಗಳೊಳಗೆ ಇಡೀ ಕಥೆ ಮುಗಿದು ಚಿಟ್ಟೆ ಹಾರುತ್ತದೆ. ಒಗ್ಗರಣೆಗೆ ನಾಲ್ಕು ಎಸಳು ಕಡಿಮೆಯಾದರೂ ಗಿಡಕ್ಕೆ ಔಷಧಿ ಹೊಡೆಯದಿರುವುದಷ್ಟೇ ಇಲ್ಲಿ ದೊಡ್ಡವರ ಪಾಲಿನ ಕೆಲಸ. ಎಲೆಕ್ಟ್ರಾನಿಕ್ ಸಿಟಿಯವರಿಗೆ ಬನ್ನೇರುಘಟ್ಟದ ಚಿಟ್ಟೆ ಉದ್ಯಾನ ದೂರವೇನಲ್ಲ, ಚೆನ್ನಾಗಿಯೂ ಇದೆ. ಆದರೆ ಅಲ್ಲಿ ಕಾಣುವುದು ಒಂದು ಗಂಟೆಯ ನೋಟ. ಕುಂಡದಲ್ಲಿ ಸಿಗುವುದು ತಿಂಗಳ ಸಹವಾಸ.

ದೀಪಾವಳಿಯಲ್ಲಿ ಈ ವಯಸ್ಸಿಗೆ ಒಪ್ಪುವುದು ಹಣತೆಗೆ ಬಣ್ಣ ಬಳಿಯುವುದು, ರಂಗೋಲಿಯ ಚುಕ್ಕಿಗಳ ಮೇಲೆ ಹೂವಿಡುವುದು. ಪಟಾಕಿ ಬೇಡ.

ಕಾರ್ತಿಕದ ಕಡೆಯ ಸೋಮವಾರ ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿಯ ಬಳಿ ನಡೆಯುವ ಕಡಲೆಕಾಯಿ ಪರಿಷೆ ಹೊರವಲಯದವರಿಗೆ ಬಹುಕಾಲ ಎಟುಕದ ದೂರದಲ್ಲಿತ್ತು. ಈಗ ಪೀಣ್ಯದಿಂದ ಮೆಟ್ರೊದ ಹಸಿರು ಮಾರ್ಗದಲ್ಲಿ ನೇರವಾಗಿ ನ್ಯಾಷನಲ್ ಕಾಲೇಜ್ ನಿಲ್ದಾಣಕ್ಕೆ ಬರಬಹುದು. ವೈಟ್‌ಫೀಲ್ಡಿನವರು ಮೆಜೆಸ್ಟಿಕ್ಕಿನಲ್ಲಿ ಬದಲಿಸಬೇಕು. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ತೆರೆದ ಮೇಲೆ ಎಲೆಕ್ಟ್ರಾನಿಕ್ ಸಿಟಿಯವರು ಆರ್.ವಿ. ರಸ್ತೆಯಲ್ಲಿ ಇಳಿದು ಹತ್ತಿದರಾಯಿತು. ತಮ್ಮ ಕಡಲೆಕಾಯಿ ಹೊಲಕ್ಕೆ ನುಗ್ಗುತ್ತಿದ್ದ ಬಸವನಿಗೆ ರೈತರು ಮೊದಲ ಬೆಳೆ ಒಪ್ಪಿಸಲು ಶುರುಮಾಡಿದರೆಂಬ ಕಥೆ ನಾಲ್ಕು ವರ್ಷದ ಮಗುವಿಗೂ ಹಿಡಿಸುತ್ತದೆ. ರಾಶಿಯಲ್ಲಿ ಕೈಯದ್ದಿ, ಸಿಪ್ಪೆ ‘ಟಕ್’ ಎಂದು ಒಡೆದು, ಎರಡು ಬೀಜವೋ ಮೂರೋ ಎಂದು ಎಣಿಸುವುದು ಒಳ್ಳೆಯ ಗಣಿತ. ಎರಡು ಎಚ್ಚರ ಬೇಕು. ಸಂಜೆಯ ನೂಕುನುಗ್ಗಲು ಪುಟ್ಟ ಮಕ್ಕಳಿಗೆ ತಕ್ಕುದಲ್ಲ, ಬೆಳಗಿನ ಹೊತ್ತೇ ಸರಿ. ಇಡೀ ಬೀಜ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯ ಇರುವುದರಿಂದ ಸಣ್ಣ ಮಕ್ಕಳಿಗೆ ಬೇಯಿಸಿದ್ದನ್ನು ಹಿಸುಕಿಯೇ ಕೊಡಬೇಕು.

ಒಟ್ಟು ತೂಗಿ ನೋಡಿದರೆ ತೀರ್ಪು ಸ್ಪಷ್ಟ. ಕೊಂಡು ತಂದ ಶರತ್ಕಾಲ ಮಗುವಿನ ಕೈಗೆ ಕೊಡುವುದು ತೀರ ಕಡಿಮೆ. ಇಲ್ಲಿಯದೇ ಶರದೃತು, ಅದರ ಮಳೆ, ಹೂವು, ಹುಳು, ಗೊಂಬೆ, ಕಾಳುಗಳೊಂದಿಗೆ, ಎರಡು ತಿಂಗಳಿಗಾಗುವಷ್ಟು ಕೆಲಸ ಕೊಡುತ್ತದೆ. 1975ರ ಅಕ್ಟೋಬರ್ 2ರಂದು ಶುರುವಾದ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿಗಳಿಗೂ, ಪೀಣ್ಯದ ಗಾರ್ಮೆಂಟ್ಸ್ ಕಾರ್ಖಾನೆಗಳ ಶಿಶುಪಾಲನಾ ಕೇಂದ್ರಗಳಿಗೂ ಇದರಲ್ಲಿ ಯಾವುದೂ ದುಬಾರಿಯಲ್ಲ. ಪ್ಲೇಸ್ಕೂಲು ನಡೆಸುವವರು ಮುಂದಿನ ನವರಾತ್ರಿಗೆ ವಾರವಿರುವಾಗ ಪ್ರತಿ ಮಗುವಿಗೂ ಒಂದು ತೆಂಗಿನ ಚಿಪ್ಪು, ಒಂದು ಹಿಡಿ ರಾಗಿ ಕೊಡಲಿ. ಅಪಾರ್ಟ್‌ಮೆಂಟ್ ಸಂಘಗಳು ಗೊಂಬೆ ಕೂರಿಸಿದ ಸಂಜೆ ಸೆಕ್ಯೂರಿಟಿಯವರ, ಮನೆಗೆಲಸದವರ, ಪಕ್ಕದ ಕಟ್ಟಡ ಕಾರ್ಮಿಕರ ಶೆಡ್ಡಿನ ಮಕ್ಕಳನ್ನೂ ಒಳಗೆ ಕರೆದು, ತಮ್ಮ ಮಕ್ಕಳ ಜೊತೆಯಲ್ಲೇ ಕೂರಿಸಿ ಉಸಲಿ ಕೊಡಲಿ.