ಮತ್ತೆ ಮತ್ತೆ ಅದೇ ರಾತ್ರಿ

ನಾಟಕದ ಹುಚ್ಚಿನವರು ನಾಲ್ವರು ಸೇರಿದರೆ ‘ನೀನೆಷ್ಟು ಸಲ ನೋಡಿದೆ?’ ಎಂಬ ಲೆಕ್ಕ ಶುರುವಾಗುತ್ತದೆ. ನನ್ನ ಪಟ್ಟಿಯ ತುದಿಯಲ್ಲಿರುವುದು ‘ಮಲೆಗಳಲ್ಲಿ ಮದುಮಗಳು’. 1967ರಲ್ಲಿ ಬಂದ ಕುವೆಂಪು ಕಾದಂಬರಿಯನ್ನು ಕೆ.ವೈ. ನಾರಾಯಣಸ್ವಾಮಿ ರಂಗಕ್ಕಿಳಿಸಿದರು, ಸಿ. ಬಸವಲಿಂಗಯ್ಯ ಅದನ್ನು ಬಯಲಿನಲ್ಲಿ ಇಡೀ ರಾತ್ರಿಯ ಆಟವಾಗಿಸಿದರು.

ಮೊದಲ ಸಲ ಕಥೆ ನೋಡಿದೆ; ಎರಡನೆಯ ಸಲ ಕಸುಬು ಕಂಡಿತು. ಒಂದು ರಂಗದ ದೀಪ ಆರಿದೊಡನೆ ಶಾಲು, ಚಾಪೆ ಎತ್ತಿಕೊಂಡು ಪ್ರೇಕ್ಷಕರು ಇನ್ನೊಂದು ರಂಗಕ್ಕೆ ನಡೆಯುತ್ತಾರೆ. ಕಾಲಡಿ ತರಗೆಲೆ ಚರಚರ ಎನ್ನುವಾಗ ನಾವೂ ಕಾದಂಬರಿಯ ನಾಯಿಗುತ್ತಿಯ ಹಿಂದೆ ಕಾಡುದಾರಿ ಹಿಡಿದವರೇ. ಇಲ್ಲಿ ಮರ ಪರದೆಯ ಮೇಲಿನ ಚಿತ್ರವಲ್ಲ, ನಿಜವಾದ ಮರ. ಅದರ ನೆರಳೂ ಪಾತ್ರವೇ. ಕಣ್ಣು ಎಳೆಯುವ ಹೊತ್ತಿಗೆ ಸರಿಯಾಗಿ ಜೋಗಿಗಳ ಹಾಡು ಎದ್ದು ನಿದ್ದೆಯನ್ನು ಕೊಡವುತ್ತದೆ. ಹಂಸಲೇಖರ ಸಂಗೀತಕ್ಕೆ ಜಾವದ ಲೆಕ್ಕ ಗೊತ್ತು.

ನನಗೆ ತೀರಾ ಇಷ್ಟವಾದ ಬೆಳಕು ಕೊನೆಯದು. ಮುಖಗಳ ಮೇಲೆ ಇಬ್ಬನಿ, ಎಲ್ಲೋ ಒಂದು ಹಕ್ಕಿಯ ದನಿ. ಮೂಡಣ ಬೆಳ್ಳಗಾಗುತ್ತಿದ್ದಂತೆ ರಂಗದ ದೀಪಗಳು ತಾವಾಗಿಯೇ ಮಂಕಾಗುತ್ತವೆ. ಆ ಬೆಳಕಿಗೆ ಸ್ವಿಚ್ಚಿಲ್ಲ. ಅದಕ್ಕಾಗಿಯೇ ಇನ್ನೊಮ್ಮೆ ನಿದ್ದೆಗೆಡಲು ನಾನು ಸಿದ್ಧ.