ಬಂದೂಕು ಬರುವ ಮೊದಲು

ಗೋರೆಗಾಂವ್‌ನ ಮನೆಯಲ್ಲಿ ಅಪ್ಪನ ಜೊತೆ ‘ಜೈಲರ್’ (2023) ಮತ್ತೆ ನೋಡಿದೆ. ನಿವೃತ್ತ ಜೈಲರ್ ಮುತ್ತುವೇಲ್ ಪಾಂಡಿಯನ್ ಮನೆಯಲ್ಲಿ ಮೊಮ್ಮಗನ ಯೂಟ್ಯೂಬ್ ವಿಡಿಯೋಗಳಿಗೆ ಸಹಾಯಕ. ಈ ಸಪ್ಪೆ ತಾತನನ್ನು ರಜನಿಕಾಂತ್ ಚೆನ್ನಾಗಿ ನಟಿಸಿದ್ದಾರೆ. ಆಮೇಲೆ ಹೊಡೆದಾಟ. ಮಂಡ್ಯದ ನರಸಿಂಹನಾಗಿ ಶಿವಣ್ಣ ಬಂದಾಗ ನಾನೂ ಶಿಳ್ಳೆ ಹೊಡೆದೆ. ಕಮಲ್ ಹಾಸನ್ ಮಾಜಿ ಗೂಢಚಾರನಾದ ‘ವಿಕ್ರಮ್’ನಲ್ಲೂ (2022) ಇದೇ ಲೆಕ್ಕ: ವಯಸ್ಸಾದವನಿಗೆ ಮರ್ಯಾದೆ ಸಿಗಬೇಕಾದರೆ ಹೆಣಗಳು ಬೀಳಬೇಕು.

‘ಜೈಲರ್’ನ ಜೀವ ಇರುವುದು ಬೇರೆಡೆ. ದಾರಿತಪ್ಪಿದ ಮಗನಿಗೆ ಶರಣಾಗು ಎಂದು ಅಪ್ಪ ಹೇಳುವ ಗಳಿಗೆಯಲ್ಲಿ. ಅದಕ್ಕೆ ಸಿಕ್ಕ ಸಮಯ ತೀರಾ ಕಡಿಮೆ.

ನಮ್ಮಪ್ಪ ಕೆಇಬಿ ಲೈನ್‌ಮನ್ ಆಗಿದ್ದವರು. ಇಲ್ಲಿ ಹಾಲು ತರುತ್ತಾರೆ, ಮೊಮ್ಮಗಳನ್ನು ಸ್ಕೂಲ್ ಬಸ್ಸಿಗೆ ಹತ್ತಿಸುತ್ತಾರೆ. ಸಿನಿಮಾ ಮುಗಿದ ಮೇಲೆ, ಮಳೆಯಲ್ಲಿ ಕಂಬ ಹತ್ತುತ್ತಿದ್ದ ದಿನಗಳ ಬಗ್ಗೆ ಮೊದಲ ಸಲ ಕೇಳಿದೆ. ಮಾತು ಮುಗಿಯುವಾಗ ರಾತ್ರಿ ಒಂದು ಗಂಟೆ.